ಗೋಡೆ ಒಬ್ಬರದು, ನೋಡುವವರು ಊರವರೆಲ್ಲ

2010ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಾಡಳಿತ ಹೋಸಿಯರ್ ಲೇನ್ ಎಂಬ ಓಣಿಗೆ ಸಫಾಯಿ ತಂಡವೊಂದನ್ನು ಕಳಿಸಿತು. ಗೋಡೆ ಮೇಲಿನ ಗೀಚುಗಳನ್ನು ಅಳಿಸುವುದು ಅವರ ಕೆಲಸ. ಹೇಳಿದ ಕೆಲಸವನ್ನು ಅವರು ಮಾಡಿ ಮುಗಿಸಿದರು. ಅಳಿಸಿಹೋದದ್ದರಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುವ ಒಂದು ಇಲಿಯ ಚಿತ್ರವೂ ಇತ್ತು. ಅದನ್ನು ಬರೆದವರು ಬ್ರಿಟನ್ನಿನ ಹೆಸರಾಂತ ಬೀದಿ ಕಲಾವಿದ ಬ್ಯಾಂಕ್ಸಿ. ಸುದ್ದಿ ಹೊರಬಿದ್ದ ಮೇಲೆ ಜನ ಬೇಸರಪಟ್ಟರು, ಆಡಳಿತ ಮುಜುಗರಕ್ಕೆ ಸಿಲುಕಿತು. ಇನ್ನು ಮುಂದೆ ಹೆಸರಾಂತ ಚಿತ್ರಗಳಿಗೆ ಬರೆದಾದ ಮೇಲಾದರೂ ಅನುಮತಿ ಕೊಟ್ಟು ಉಳಿಸಿಕೊಳ್ಳುವ ಮಾತು ಕೇಳಿಬಂತು.

ಆ ಕೆಲಸಗಾರರು ಮಾಡಿದ ತಪ್ಪೇನು? ಆ ಇಲಿಯನ್ನು ಯಾರ ಅನುಮತಿಯನ್ನೂ ಕೇಳದೆ ಬರೆಯಲಾಗಿತ್ತು. ಪಕ್ಕದಲ್ಲಿದ್ದ ಗೀಚೂ ಹಾಗೆಯೇ ಬಂದದ್ದು. ಕಾನೂನು ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಜನ ಮಾತ್ರ ಒಂದನ್ನು ಕಳೆದುಕೊಂಡ ಆಸ್ತಿ ಎಂದರು, ಇನ್ನೊಂದನ್ನು ಕಸ ಎಂದರು. ಗ್ರಾಫಿಟಿ, ಅಂದರೆ ಗೋಡೆ ಬರಹದ ಬಗ್ಗೆ ಜನಾಭಿಪ್ರಾಯವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗುವುದು ಇಲ್ಲೇ. "ಗೋಡೆ ಮೇಲೆ ಬರೆಯುವುದು ನಿಮಗೆ ಇಷ್ಟವಾ?" ಅಂತ ಕೇಳಿದರೆ ಒಬ್ಬೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಒಬ್ಬರು ಚೆಂದದ ಬಗ್ಗೆ ಮಾತಾಡುತ್ತಾರೆ. ಇನ್ನೊಬ್ಬರು ಆಸ್ತಿಯ ಬಗ್ಗೆ, ಮತ್ತೊಬ್ಬರು ಭಯದ ಬಗ್ಗೆ. ನನಗೆ ಕಾಣುವಂತೆ ಎಲ್ಲದರ ಅಡಿಯಲ್ಲಿ ಒಂದೇ ಕೊಂಡಿ ಇದೆ: ನಾವು ದಿನಾ ನೋಡುವ ಗೋಡೆ ಹೇಗಿರಬೇಕು ಅಂತ ತೀರ್ಮಾನಿಸುವವರು ಯಾರು, ಆ ತೀರ್ಮಾನದಲ್ಲಿ ನಮ್ಮ ಮಾತಿಗೆ ಬೆಲೆ ಇದೆಯಾ?

ಮೊದಲು ಗೋಡೆ ಮೇಲೆ ಏನೇನಿರುತ್ತದೆ ಅಂತ ನೋಡೋಣ. ತುಂಬ ಸಾಮಾನ್ಯವಾಗಿ ಕಾಣುವುದು ಟ್ಯಾಗ್. ಮಾರ್ಕರ್‌ನಿಂದಲೋ ಸ್ಪ್ರೇ ಡಬ್ಬಿಯಿಂದಲೋ ಕೆಲವೇ ಸೆಕೆಂಡಿನಲ್ಲಿ ಎಳೆದ ಹೆಸರು, ಒಂದು ರೀತಿಯ ಸಹಿ. ಅದಕ್ಕಿಂತ ದೊಡ್ಡದು ಥ್ರೋ-ಅಪ್. ಉಬ್ಬಿದ ಅಕ್ಷರ, ಎರಡೇ ಬಣ್ಣ, ಕೆಲವು ನಿಮಿಷದ ಕೆಲಸ. ಇನ್ನೂ ದೊಡ್ಡದನ್ನು ಬರೆಯುವವರು ಪೀಸ್ ಅನ್ನುತ್ತಾರೆ. ಅದರಲ್ಲಿ ಹಲವು ಬಣ್ಣ, ನೆರಳು, ಒಂದರೊಳಗೊಂದು ಹೆಣೆದ ಅಕ್ಷರಗಳು ಇರುತ್ತವೆ. ಇವೆಲ್ಲ ಗ್ರಾಫಿಟಿ. ಚಿತ್ರ, ಕತ್ತರಿಸಿದ ಅಚ್ಚಿಟ್ಟು ಬಣ್ಣ ಹಾಕುವ ಸ್ಟೆನ್ಸಿಲ್, ಅಂಟಿಸಿದ ಕಾಗದ, ಇಡೀ ಗೋಡೆ ತುಂಬುವ ಮ್ಯೂರಲ್ ಇವನ್ನು ಸಾಮಾನ್ಯವಾಗಿ ಬೀದಿ ಕಲೆ ಎನ್ನುತ್ತಾರೆ. ಗೆರೆ ಅಷ್ಟು ಸ್ಪಷ್ಟವಲ್ಲ. ಹಗಲು ಅನುಮತಿ ಪಡೆದು ಮ್ಯೂರಲ್ ಬರೆಯುವ ಕೈಯೇ ರಾತ್ರಿ ಟ್ಯಾಗ್ ಹಾಕುವುದೂ ಉಂಟು.

ಈ ಎರಡರ ನಡುವಿನ ಮುಖ್ಯ ವ್ಯತ್ಯಾಸ, ಅವು ಯಾರಿಗಾಗಿ ಇವೆ ಅನ್ನುವುದು. ಬೀದಿ ಕಲೆ ದಾರಿಹೋಕರ ಜೊತೆ ಮಾತಾಡುತ್ತದೆ. ಟ್ಯಾಗ್ ಬರೆಯುವವರು ತಮ್ಮಂಥವರಿಗೆ ಬರೆಯುತ್ತಾರೆ. 1960ರ ದಶಕದ ಕೊನೆಗೆ ಫಿಲಡೆಲ್ಫಿಯಾದಲ್ಲಿ ಕಾರ್ನ್‌ಬ್ರೆಡ್ ಎಂಬ ಅಡ್ಡಹೆಸರಿನ ಹುಡುಗ ಊರೆಲ್ಲ ತನ್ನ ಹೆಸರು ಬರೆದ. ನ್ಯೂಯಾರ್ಕ್‌ನಲ್ಲಿ ಟಾಕಿ 183 ಎಂಬ ಸಹಿ ಎಲ್ಲೆಡೆ ಕಾಣಿಸಿಕೊಂಡಿತು. 183 ಅವನ ಬೀದಿಯ ಸಂಖ್ಯೆ. ಕಾಗದಪತ್ರ ತಲುಪಿಸುವ ಕೆಲಸ ಅವನದು, ಹೋದಲ್ಲೆಲ್ಲ ಸಹಿ ಬಿಟ್ಟು ಬರುತ್ತಿದ್ದ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆದ ಮೇಲೆ ಅನುಕರಿಸುವವರು ಜಾಸ್ತಿಯಾದರು. ಎಷ್ಟು ಕಡೆ, ಎಷ್ಟು ಕಷ್ಟದ ಜಾಗದಲ್ಲಿ, ಎಷ್ಟು ಸೊಗಸಾಗಿ ಬರೆದೆ ಅನ್ನುವುದೇ ಅಲ್ಲಿ ಲೆಕ್ಕ. ಅಕ್ಷರ ಹೊರಗಿನವರಿಗೆ ಓದಲು ಬರದಿದ್ದರೆ ನಷ್ಟವಿಲ್ಲ. ಆದರೆ ಓದಲಾಗದ ಆ ಅಕ್ಷರವೇ ಹೊರಗಿನವರನ್ನು ಕಾಡುತ್ತದೆ. ನನ್ನ ಮನೆಯ ಗೋಡೆ ಮೇಲೆ ಯಾರೋ ಏನೋ ಬರೆದಿದ್ದಾರೆ, ಅದು ನನಗೆ ಹೇಳಿದ್ದಲ್ಲ, ನನಗೆ ಅರ್ಥವೂ ಆಗುವುದಿಲ್ಲ. ಟ್ಯಾಗ್ ಕಂಡರೆ ಸಿಟ್ಟಾಗುವ ಜನ ಮ್ಯೂರಲ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ ಇದೊಂದು ದೊಡ್ಡ ಕಾರಣ.

ಜನರ ಭಯದ ಕಥೆ ಗಟ್ಟಿಯಾಗಿ ರೂಪುಗೊಂಡದ್ದು ನ್ಯೂಯಾರ್ಕ್‌ನ ಸಬ್‌ವೇ ಎಂಬ ನಗರ ರೈಲುಗಳಲ್ಲಿ. 1970ರ ದಶಕದಲ್ಲಿ ಬೋಗಿಗಳ ಒಳಗೆ, ಹೊರಗೆ, ಕಿಟಕಿ, ನಕ್ಷೆ ಎಲ್ಲದರ ಮೇಲೂ ಬಣ್ಣ ಬಿತ್ತು. ಹೊರಗಿನ ದೊಡ್ಡ ಪೀಸ್‌ಗಳನ್ನು ಮೆಚ್ಚಿದವರಿದ್ದರು. ಗ್ಯಾಲರಿಗಳು ಆ ಹುಡುಗರನ್ನು ಹುಡುಕಿಕೊಂಡು ಬಂದವು. ಆದರೆ ಬೆಳಗ್ಗೆ ಕೆಲಸಕ್ಕೆ ಹೋಗುವವರಿಗೆ ಕಂಡದ್ದು ಬೋಗಿಯೊಳಗಿನ ಗೀಚು. ನಿಲ್ದಾಣದ ಹೆಸರು ಕಾಣುವುದಿಲ್ಲ, ನಕ್ಷೆ ಓದಲು ಬರುವುದಿಲ್ಲ. ಸಮಾಜಶಾಸ್ತ್ರಜ್ಞ ನಾಥನ್ ಗ್ಲೇಜರ್ 1979ರ ಒಂದು ಲೇಖನದಲ್ಲಿ ಈ ಭಾವನೆಯನ್ನು ಸರಿಯಾಗಿ ಹಿಡಿದರು. ಗೀಚು ಹಾಕಿದವರು ಅಪಾಯಕಾರಿ ಆಗಿರಲೇಬೇಕೆಂದಿಲ್ಲ. ಆದರೆ ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ, ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಎಂಬ ಅನಿಸಿಕೆ ಪ್ರಯಾಣಿಕರಲ್ಲಿ ಮೂಡುತ್ತದೆ. ಭಯ ಅಲ್ಲಿಂದ ಹುಟ್ಟುತ್ತದೆ.

ಮೂರು ವರ್ಷದ ನಂತರ, 1982ರಲ್ಲಿ, ಜೇಮ್ಸ್ ಕ್ಯೂ. ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಇದೇ ಜಾಡಿನಲ್ಲಿ ಮುಂದೆ ಹೋದರು. ಅವರ ವಾದ 'ಒಡೆದ ಕಿಟಕಿ' ಸಿದ್ಧಾಂತ ಎಂದು ಹೆಸರಾಯಿತು. ಒಂದು ಕಿಟಕಿ ಒಡೆದು ಹಾಗೇ ಬಿಟ್ಟರೆ ಉಳಿದವೂ ಒಡೆಯುತ್ತವೆ. ಸಣ್ಣ ಅವ್ಯವಸ್ಥೆಯನ್ನು ಸಹಿಸಿದರೆ ದೊಡ್ಡ ಅಪರಾಧಕ್ಕೆ ದಾರಿ ಎಂಬುದು ಅದರ ಸಾರ. ನಗರಗಳ ಆಡಳಿತಕ್ಕೆ ಇದು ತುಂಬ ಹಿಡಿಸಿತು. 1984ರಲ್ಲಿ ನ್ಯೂಯಾರ್ಕ್ ಸಾರಿಗೆಯ ಹೊಣೆ ಹೊತ್ತ ಡೇವಿಡ್ ಗನ್ ಒಂದು ಸರಳ ನಿಯಮ ತಂದರು. ಒಮ್ಮೆ ಸ್ವಚ್ಛಗೊಳಿಸಿದ ರೈಲು ಗೀಚಿನೊಂದಿಗೆ ಮತ್ತೆ ಹಳಿಗೆ ಇಳಿಯಬಾರದು. ಬರೆದದ್ದನ್ನು ಅಳಿಸುವ ತನಕ ಅದು ಡಿಪೋದಲ್ಲೇ ಇರಬೇಕು. ಬರೆದವರ ಆಸೆ ತಮ್ಮ ಹೆಸರು ಊರೆಲ್ಲ ಓಡಾಡಬೇಕು ಅನ್ನುವುದು. ಅದೇ ಸಿಗದಿದ್ದರೆ ರಾತ್ರಿಯಿಡೀ ಕಷ್ಟಪಟ್ಟು ಏನು ಲಾಭ? 1989ರ ಮೇ 12ರಂದು ಗೀಚಿದ ಕೊನೆಯ ರೈಲನ್ನು ಓಟದಿಂದ ಹಿಂತೆಗೆದರು. ಬಂಧನ, ಬೇಲಿ, ಕಾವಲು ನಾಯಿಗಳಿಂದ ಆಗದ ಕೆಲಸವನ್ನು ಈ ನಿಯಮ ಬಹುಪಾಲು ಮಾಡಿ ಮುಗಿಸಿತು. ಬರೆಯುವವರ ಮನಸ್ಸನ್ನು ಓದಿ ಮಾಡಿದ ಉಪಾಯ ಅದು, ಹಾಗಾಗಿ ನನಗೆ ಅದರ ಮೇಲೆ ಗೌರವವಿದೆ.

ಗೀಚು ನಿಜವಾಗಿಯೂ ಅಪರಾಧವನ್ನು ಕರೆತರುತ್ತದೆಯಾ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕಂದರೆ ಈ ಒಂದು ನಂಬಿಕೆಯ ಮೇಲೆ ಎಷ್ಟೋ ಕಾನೂನುಗಳು ನಿಂತಿವೆ.

ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ನಗರದಲ್ಲಿ ನಡೆದ ಪ್ರಯೋಗವೊಂದು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಶೋಧಕರು ಸೈಕಲ್ ನಿಲ್ಲಿಸುವ ಒಂದು ಓಣಿಯನ್ನು ಆರಿಸಿಕೊಂಡರು. ಪ್ರತಿ ಸೈಕಲ್ಲಿನ ಹ್ಯಾಂಡಲ್ಲಿಗೂ ಒಂದು ಕರಪತ್ರ ಸಿಕ್ಕಿಸಿದರು. ಹತ್ತಿರದಲ್ಲಿ ಕಸದ ಬುಟ್ಟಿ ಇಲ್ಲ. ಗೋಡೆ ಸ್ವಚ್ಛವಾಗಿದ್ದಾಗ ಶೇಕಡಾ 33 ಮಂದಿ ಕರಪತ್ರವನ್ನು ನೆಲಕ್ಕೆ ಎಸೆದರು. ಅದೇ ಗೋಡೆ ಮೇಲೆ ಗೀಚಿದಾಗ ಶೇಕಡಾ 69 ಮಂದಿ ಎಸೆದರು. ಇನ್ನೊಂದು ಪ್ರಯೋಗದಲ್ಲಿ ಅಂಚೆ ಪೆಟ್ಟಿಗೆಯಿಂದ ಅರ್ಧ ಹೊರಗೆ ಚಾಚಿದ ಲಕೋಟೆ, ಅದರೊಳಗೆ ಹೊರಗಿನಿಂದಲೇ ಕಾಣುವ 5 ಯೂರೋ ನೋಟು. ಪೆಟ್ಟಿಗೆ ಸ್ವಚ್ಛವಾಗಿದ್ದಾಗ ಅದನ್ನು ಕದ್ದವರು ಶೇಕಡಾ 13. ಪೆಟ್ಟಿಗೆ ಮೇಲೆ ಗೀಚು ಇದ್ದಾಗ ಶೇಕಡಾ 27.

ಇದು ಬಲವಾದ ಸಾಕ್ಷಿ. ಆದರೆ ಯಾವುದಕ್ಕೆ ಸಾಕ್ಷಿ? ಆ ಓಣಿಯಲ್ಲಿ "ಇಲ್ಲಿ ಗೋಡೆ ಮೇಲೆ ಬರೆಯಬಾರದು" ಎಂಬ ಫಲಕ ಎರಡೂ ಸಲ ಇತ್ತು. ಅಂದರೆ ಜನ ಕಂಡದ್ದು ಬರೀ ಬಣ್ಣವನ್ನಲ್ಲ, ಎಲ್ಲರ ಕಣ್ಣೆದುರು ಮುರಿದುಬಿದ್ದ ಒಂದು ನಿಯಮವನ್ನು. ಗೋಡೆ ಮೇಲೆ ಹಾಕಿದ್ದೂ ಸುಮ್ನೆ ಎಳೆದ ಗೆರೆಗಳು, ಯಾರೂ ಚಿತ್ರ ಎಂದುಕೊಳ್ಳುವಂಥದ್ದಲ್ಲ. ಒಳ್ಳೆಯ ಮ್ಯೂರಲ್ ಇರುವ ಗೋಡೆಯ ಬಗ್ಗೆ ಆ ಪ್ರಯೋಗ ಏನೂ ಹೇಳುವುದಿಲ್ಲ. ಕಾಗದ ಎಸೆಯುವುದರಿಂದ ದರೋಡೆಯ ತನಕ ದಾರಿ ಬಹಳ ದೂರ ಅನ್ನುವುದನ್ನೂ ಮರೆಯಬಾರದು.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಶಿಕಾಗೊದ ಅಧ್ಯಯನ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರೌಡನ್‌ಬುಷ್ 2004ರಲ್ಲಿ ಪ್ರಕಟಿಸಿದ್ದು. ಅವರ ತಂಡ ಬೀದಿಗಳಲ್ಲಿ ವಾಹನದಲ್ಲಿ ನಿಧಾನವಾಗಿ ಸಾಗಿ ವಿಡಿಯೊ ತೆಗೆದಿತ್ತು. ಎಲ್ಲಿ ಎಷ್ಟು ಗೀಚು, ಎಷ್ಟು ಕಸ, ಎಷ್ಟು ಪಾಳು ಕಟ್ಟಡ ಅಂತ ಎಣಿಸಿತ್ತು. ಆಮೇಲೆ ಅಲ್ಲಿ ವಾಸಿಸುವವರನ್ನೇ "ನಿಮ್ಮ ಬಡಾವಣೆಯಲ್ಲಿ ಅವ್ಯವಸ್ಥೆ ಎಷ್ಟಿದೆ?" ಅಂತ ಕೇಳಿದರು. ಎಣಿಕೆಗೂ ಉತ್ತರಕ್ಕೂ ಸಂಬಂಧವಿತ್ತು, ನಿಜ. ಆದರೆ ಅಷ್ಟೇ ಗೀಚು, ಅಷ್ಟೇ ಕಸ ಇದ್ದರೂ ಬಡವರು ಮತ್ತು ಕಪ್ಪು ಜನರು ಹೆಚ್ಚಿದ್ದ ಬಡಾವಣೆಗಳಲ್ಲಿ ಜನರ ಕಣ್ಣಿಗೆ ಅವ್ಯವಸ್ಥೆ ಜಾಸ್ತಿ ಕಂಡಿತು. ಬಿಳಿಯರಿಗೆ ಮಾತ್ರವಲ್ಲ, ಕಪ್ಪು ನಿವಾಸಿಗಳಿಗೂ ಹಾಗೆಯೇ ಕಂಡಿತು. ನಾವು ಗೋಡೆಯನ್ನು ನೋಡುವಾಗ ಆ ಗೋಡೆಯ ಹಿಂದೆ ಯಾರು ಬದುಕುತ್ತಾರೆ ಎಂಬ ನಮ್ಮ ಊಹೆಯನ್ನೂ ನೋಡುತ್ತಿರುತ್ತೇವೆ. ಸಿರಿವಂತರ ಬೀದಿಯಲ್ಲಿ "ಎಷ್ಟು ಜೀವಂತವಾಗಿದೆ" ಅನ್ನಿಸಿಕೊಳ್ಳುವ ಬಣ್ಣ ಬಡವರ ಬೀದಿಯಲ್ಲಿ "ಹುಷಾರು, ಬೇಗ ನಡಿ" ಅನ್ನಿಸುತ್ತದೆ. ಈ ಅನ್ಯಾಯ ನಮ್ಮ ಕಣ್ಣಿನಲ್ಲೇ ಇದೆ ಅಂತ ತಿಳಿದಿದ್ದರೆ ಒಳ್ಳೆಯದು.

ಇಷ್ಟು ಹೇಳಿದೆ ಅಂತ ಗೀಚಿನ ಮೇಲಿನ ಸಿಟ್ಟೆಲ್ಲ ಪೂರ್ವಗ್ರಹ ಅನ್ನುವುದು ತಪ್ಪಾಗುತ್ತದೆ. ಚಿಕ್ಕ ಅಂಗಡಿ ಇಟ್ಟುಕೊಂಡವರು ಬೆಳಗ್ಗೆ ಬಂದು ನೋಡಿದರೆ ಶಟರ್ ಮೇಲೆ ಬಣ್ಣ. ಬಳಿದು ಮುಚ್ಚಿದರೆ ಮುಂದಿನ ವಾರ ಮತ್ತೆ ಅದೇ. ಕೆಲವು ನಗರಗಳಲ್ಲಿ ನಿಗದಿತ ದಿನಗಳೊಳಗೆ ಅಳಿಸದಿದ್ದರೆ ಮಾಲೀಕರೇ ದಂಡ ಕಟ್ಟಬೇಕು. ಹಾನಿ ಮಾಡಿದವರು ಬೇರೆ, ದಂಡ ಕಟ್ಟುವವರು ಬೇರೆ. ಅಳಿಸುವುದೂ ಸುಲಭವಲ್ಲ. ಕಲ್ಲು ಮತ್ತು ಇಟ್ಟಿಗೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಬಣ್ಣ ಅವುಗಳೊಳಗೆ ಇಳಿಯುತ್ತದೆ. ಮೇಲಿನದನ್ನು ತೆಗೆದರೂ ಮಸುಕಾದ ನೆರಳು ಉಳಿಯುತ್ತದೆ. ಜೋರಾಗಿ ನೀರು ಹಾಯಿಸಿದರೆ ಮೆತ್ತನೆಯ ಕಲ್ಲಿನ ಮೈಯೇ ಕಿತ್ತು ಬರುತ್ತದೆ. ಹಳೆಯ ಸ್ಮಾರಕಗಳಲ್ಲಿ ಇದು ವಾಪಸ್ ಸರಿಪಡಿಸಲಾಗದ ನಷ್ಟ. ಗಾಜಿನ ಮೇಲೆ ಆಮ್ಲದಿಂದ ಬರೆದರೆ ಗಾಜನ್ನೇ ಬದಲಿಸಬೇಕು. ಗೋಡೆಗೆ ಮೊದಲೇ ಮೇಣದಂಥ ಲೇಪ ಹಚ್ಚಿಡುವ ಉಪಾಯವಿದೆ. ಬಿಸಿನೀರು ಹಾಕಿದಾಗ ಲೇಪದ ಜೊತೆ ಬಣ್ಣವೂ ಹೋಗುತ್ತದೆ, ಆದರೆ ಪ್ರತಿ ಸಲ ಲೇಪವನ್ನು ಹೊಸದಾಗಿ ಹಚ್ಚಬೇಕು. ಈ ಖರ್ಚು ಹೊರುವವರ ಮುಂದೆ ನಿಂತು "ಇದು ಅಭಿವ್ಯಕ್ತಿ ಸ್ವಾತಂತ್ರ್ಯ" ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಿಟ್ಟು ಎಲ್ಲಿಯ ತನಕ ಹೋಗಬಹುದು ಅನ್ನುವುದಕ್ಕೆ ಸಿಂಗಾಪುರದ 1994ರ ಪ್ರಕರಣ ಸಾಕ್ಷಿ. ಕಾರುಗಳಿಗೆ ಸ್ಪ್ರೇ ಬಣ್ಣ ಹಾಕಿದ ಆರೋಪದಲ್ಲಿ ಅಮೆರಿಕದ ಹದಿಹರೆಯದ ಹುಡುಗ ಮೈಕಲ್ ಫೇಗೆ ಜೈಲಿನ ಜೊತೆ ಆರು ಬೆತ್ತದೇಟಿನ ಶಿಕ್ಷೆಯಾಯಿತು. ಅಮೆರಿಕದ ಅಧ್ಯಕ್ಷರೇ ಮನವಿ ಮಾಡಿದ ಮೇಲೆ ಅದನ್ನು ನಾಲ್ಕಕ್ಕೆ ಇಳಿಸಿದರು. ಗಮನಿಸಬೇಕಾದ ಸಂಗತಿ ಏನೆಂದರೆ ಅಮೆರಿಕದಲ್ಲೇ ತುಂಬ ಜನ ಆ ಶಿಕ್ಷೆ ಸರಿ ಎಂದರು. ತಮ್ಮ ನಗರದ ಬಗ್ಗೆ ಅವರಿಗಿದ್ದ ಹತಾಶೆ ಹೀಗೆ ಹೊರಬಂತು.

ಇದೇ ಸಿಟ್ಟನ್ನು ಬೇರೆ ದಾರಿಗೆ ತಿರುಗಿಸಿದ್ದು ಫಿಲಡೆಲ್ಫಿಯಾ. 1984ರಲ್ಲಿ ಅಲ್ಲಿನ ಆಡಳಿತ ಗ್ರಾಫಿಟಿ ವಿರುದ್ಧ ಒಂದು ಕಾರ್ಯಕ್ರಮ ಆರಂಭಿಸಿತು. ಅದಕ್ಕೆ ಜೇನ್ ಗೋಲ್ಡನ್ ಎಂಬ ಕಲಾವಿದೆಯನ್ನು ನೇಮಿಸಿತು. ಅವರು ಗೀಚುವ ಹುಡುಗರ ಕೈಗೇ ಕುಂಚ ಕೊಟ್ಟರು. ಮುಂದೆ ಅದು ಮ್ಯೂರಲ್ ಆರ್ಟ್ಸ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಈವರೆಗೆ ಅಲ್ಲಿ 4,000ಕ್ಕೂ ಹೆಚ್ಚು ಮ್ಯೂರಲ್‌ಗಳಾಗಿವೆ. ಚಿತ್ರ ಯಾವುದು, ಯಾರ ಮುಖ, ಯಾವ ಕಥೆ ಅಂತ ಬಡಾವಣೆಯವರ ಜೊತೆ ಕೂತು ಮಾತಾಡಿದ ಮೇಲೆ ಕೆಲಸ ಶುರುವಾಗುತ್ತದೆ. ತಾವೇ ಆರಿಸಿದ ಚಿತ್ರವನ್ನು ಜನ ಕಾಯುತ್ತಾರೆ. ಬರೆಯುವವರ ನಡುವೆಯೂ ಒಂದು ಅಲಿಖಿತ ನಿಯಮವಿದೆ. ನಿನ್ನದಕ್ಕಿಂತ ಒಳ್ಳೆಯದರ ಮೇಲೆ ಬರೆಯಬಾರದು. ಎಲ್ಲರೂ ಅದನ್ನು ಪಾಲಿಸುವುದಿಲ್ಲ, ಆದರೂ ಮ್ಯೂರಲ್ ಇರುವ ಗೋಡೆ ಬೋಳು ಗೋಡೆಗಿಂತ ಹೆಚ್ಚು ಕಾಲ ಉಳಿಯಲು ಅದೂ ಒಂದು ಕಾರಣ.

ಹಾಗಾದರೆ ಅನುಮತಿ ಇದ್ದರೆ ಕಲೆ, ಇಲ್ಲದಿದ್ದರೆ ಅಪರಾಧ. ಲೆಕ್ಕ ಇಷ್ಟು ಸರಳವಾ? ಬ್ರೆಜಿಲ್ ಹಾಗೆ ಮಾಡಿ ನೋಡಿದೆ. 2011ರ ಕಾನೂನು ಅಲ್ಲಿ ಎರಡನ್ನೂ ಬೇರೆ ಮಾಡಿತು. ಮಾಲೀಕರ ಒಪ್ಪಿಗೆ ಪಡೆದು ಬರೆದ ಗ್ರಾಫಿಟಿ ಅಪರಾಧವಲ್ಲ. ಪಿಶಾಸಾವ್ ಎಂದು ಕರೆಯುವ ಗೀಚು ಅಪರಾಧವಾಗಿಯೇ ಉಳಿಯಿತು. ಸಾವ್ ಪಾವ್ಲೊ ನಗರದ ಪಿಶಾಸಾವ್ ಅಕ್ಷರಗಳು ಉದ್ದ, ಚೂಪು, ಕಪ್ಪು. ಹೆವಿ ಮೆಟಲ್ ತಂಡಗಳ ಲಾಂಛನದಿಂದ ಪ್ರೇರಣೆ ಪಡೆದ ಲಿಪಿ ಅದು. ನಗರದ ಅಂಚಿನ ಬಡ ಬಡಾವಣೆಗಳ ಹುಡುಗರು ಹಗ್ಗವಿಲ್ಲದೆ ಬಹುಮಹಡಿ ಕಟ್ಟಡ ಹತ್ತಿ ಬರೆಯುತ್ತಾರೆ. ಬಿದ್ದು ಸತ್ತವರಿದ್ದಾರೆ. ಅವರಿಗೆ ಚೆಂದ ಕಾಣಿಸಬೇಕು ಅನ್ನುವ ಹಂಬಲವಿಲ್ಲ. ತಮ್ಮನ್ನು ನೋಡದ ನಗರಕ್ಕೆ ನಾವೂ ಇದ್ದೇವೆ ಅಂತ ತೋರಿಸಬೇಕು. 2008ರಲ್ಲಿ ಅವರ ಗುಂಪೊಂದು ಸಾವ್ ಪಾವ್ಲೊ ಬಿಯೆನಾಲೆ ಕಲಾ ಪ್ರದರ್ಶನಕ್ಕೆ ನುಗ್ಗಿ, ಬೇಕೆಂದೇ ಖಾಲಿ ಬಿಟ್ಟಿದ್ದ ಮಹಡಿಯಲ್ಲಿ ಗೋಡೆಗಳ ಮೇಲೆ ಬರೆಯಿತು. ಒಬ್ಬ ಯುವತಿ ಜೈಲಿಗೆ ಹೋದಳು. 2010ರಲ್ಲಿ ಅದೇ ಪ್ರದರ್ಶನ ಪಿಶಾಸಾವ್ ಬರೆಯುವವರನ್ನು ಆಹ್ವಾನಿಸಿತು.

ಆ ನಗರದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2017ರ ಆರಂಭದಲ್ಲಿ ಹೊಸ ಮೇಯರ್ ಜೊವಾವ್ ಡೋರಿಯಾ 'ಸುಂದರ ನಗರ' ಎಂಬ ಕಾರ್ಯಕ್ರಮ ಶುರುಮಾಡಿದರು. 23 ದೆ ಮಾಯೊ ಎಂಬ ಹೆದ್ದಾರಿಯ ಬದಿಯ ಗೋಡೆಗಳಿಗೆ ಬೂದು ಬಣ್ಣ ಬಳಿಸಿದರು. ಕೆಲಸಗಾರರ ಸಮವಸ್ತ್ರ ತೊಟ್ಟು ತಾವೂ ಬಳಿದರು. ಅಲ್ಲಿದ್ದದ್ದು ಗೀಚು ಮಾತ್ರವಲ್ಲ. ಹಿಂದಿನ ಆಡಳಿತವೇ ಕಲಾವಿದರನ್ನು ಕರೆದು ಬರೆಸಿದ್ದ ಮ್ಯೂರಲ್‌ಗಳೂ ಹೋದವು. ಅನುಮತಿ ಇದ್ದ ಚಿತ್ರಗಳು ಅವು! ಇತ್ತ ಊರು ಎರಡು ಭಾಗವಾಯಿತು. ಸ್ವಚ್ಛತೆ ಬೇಕು ಎಂದವರು ಚಪ್ಪಾಳೆ ತಟ್ಟಿದರು. ಬೂದು ಬಣ್ಣ ಬಳಿಯುವುದೂ ಗೋಡೆಯನ್ನು ಕೇಳದೆ ಆಕ್ರಮಿಸಿಕೊಂಡಂತೆಯೇ ಅಲ್ವಾ ಅಂತ ಉಳಿದವರು ಕೇಳಿದರು. ಈ ಪ್ರಶ್ನೆಯನ್ನು ನಾನು ಸುಲಭವಾಗಿ ಬದಿಗಿಡಲಾರೆ. ಇದೇ ಸಾವ್ ಪಾವ್ಲೊ 2007ರಲ್ಲಿ ಹೊರಾಂಗಣ ಜಾಹೀರಾತು ಫಲಕಗಳನ್ನೇ ನಿಷೇಧಿಸಿತ್ತು. ಫಲಕಗಳು ಇಳಿದಾಗ, ಎಷ್ಟೋ ವರ್ಷ ಅವುಗಳ ಹಿಂದೆ ಮುಚ್ಚಿಹೋಗಿದ್ದ ಕಟ್ಟಡಗಳ ಮೈ ಜನರಿಗೆ ಕಾಣಿಸಿತು. ಜಾಹೀರಾತನ್ನೂ ನಾವು ಯಾರೂ ಬೇಕು ಅಂತ ಕೇಳಿರಲಿಲ್ಲ. ದುಡ್ಡು ಕೊಟ್ಟು ಜಾಗ ಹಿಡಿದವರು ಹಾಕಿದರು, ನಾವು ಒಗ್ಗಿಕೊಂಡೆವು. ಅನುಮತಿ ಎಂದರೆ ಆಸ್ತಿಯ ಮಾಲೀಕರ ಅನುಮತಿ. ಆ ಬೀದಿಯಲ್ಲಿ ದಿನಾ ಓಡಾಡುವವರ ಒಪ್ಪಿಗೆ ಬೇರೆಯೇ ವಿಷಯ.

ದುಡ್ಡಿನ ಮಾತು ಬಂದ ಕೂಡಲೇ ಈ ಬಿರುಕು ಇನ್ನೂ ಅಗಲವಾಗುತ್ತದೆ. 2012ರಲ್ಲಿ ಉತ್ತರ ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಅಂಗಡಿಯೊಂದರ ಪಕ್ಕದ ಗೋಡೆ ಮೇಲೆ, ಹೊಲಿಗೆ ಯಂತ್ರದ ಮುಂದೆ ಮಂಡಿಯೂರಿ ಬ್ರಿಟನ್ನಿನ ಬಾವುಟಗಳನ್ನು ಹೊಲಿಯುತ್ತಿರುವ ಹುಡುಗನ ಚಿತ್ರ ಕಾಣಿಸಿಕೊಂಡಿತು. ಅದೂ ಬ್ಯಾಂಕ್ಸಿಯದು. ಬಡಾವಣೆ ಅದನ್ನು ತನ್ನದಾಗಿಸಿಕೊಂಡಿತು. 2013ರ ಫೆಬ್ರವರಿಯಲ್ಲಿ ಗೋಡೆಯ ಆ ಭಾಗವೇ ಮಾಯ! ಅಮೆರಿಕದ ಮಯಾಮಿಯ ಹರಾಜಿನ ಪಟ್ಟಿಯಲ್ಲಿ ಅದು ಕಂಡಾಗ ನಿವಾಸಿಗಳು ಪ್ರತಿಭಟಿಸಿದರು. ಆ ಹರಾಜು ನಿಂತಿತು, ಆದರೆ ಕೆಲವೇ ತಿಂಗಳಲ್ಲಿ ಚಿತ್ರ ಲಂಡನ್ನಿನಲ್ಲೇ ಮಾರಾಟವಾಯಿತು. ಮಾಲೀಕರ ಗೋಡೆ, ಮಾಲೀಕರ ಹಕ್ಕು. ಇನ್ನೊಂದು ಪ್ರಕರಣದಲ್ಲಿ, ಫೋಕ್‌ಸ್ಟನ್ ಊರಿನ ಬ್ಯಾಂಕ್ಸಿ ಚಿತ್ರವನ್ನು ಬಾಡಿಗೆದಾರರು ಗೋಡೆ ಸಮೇತ ಕಿತ್ತು ಸಾಗಿಸಿದ್ದರು. ಅದು ಬಾಡಿಗೆದಾರರದಲ್ಲ, ಕಟ್ಟಡದ ಒಡೆಯರದು ಎಂದು ಇಂಗ್ಲೆಂಡಿನ ಹೈಕೋರ್ಟ್ 2015ರಲ್ಲಿ ಹೇಳಿತು. ಯಾರದು ಎಂಬ ಈ ವಾದದಲ್ಲಿ ಊರಿನವರಿಗೆ ಒಂದು ಜಾಗವೇ ಇರಲಿಲ್ಲ.

ಬರೆದವರಿಗೆ ಜಾಗ ಸಿಕ್ಕಿದ್ದು ನ್ಯೂಯಾರ್ಕ್‌ನ 5ಪಾಯಿಂಟ್ಸ್ ಪ್ರಕರಣದಲ್ಲಿ. ಕ್ವೀನ್ಸ್ ಭಾಗದ ಹಳೆಯ ಕಾರ್ಖಾನೆಯ ಗೋಡೆಗಳಲ್ಲಿ ಮಾಲೀಕರ ಒಪ್ಪಿಗೆಯಿಂದಲೇ ವರ್ಷಗಟ್ಟಲೆ ಕಲಾವಿದರು ಬರೆದಿದ್ದರು. ದೂರದೂರದಿಂದ ಜನ ನೋಡಲು ಬರುತ್ತಿದ್ದರು. ಅಲ್ಲಿ ವಸತಿ ಕಟ್ಟಡ ಕಟ್ಟಲು ಹೊರಟ ಮಾಲೀಕರು 2013ರ ನವೆಂಬರ್‌ನ ಒಂದು ರಾತ್ರಿ ಎಲ್ಲದರ ಮೇಲೂ ಬಿಳಿ ಬಣ್ಣ ಬಳಿಸಿದರು. ಕಲಾವಿದರು ಕೋರ್ಟಿಗೆ ಹೋದರು. ಕಲಾಕೃತಿಯ ಮೇಲೆ ಕಲಾವಿದರಿಗೂ ಹಕ್ಕಿದೆ ಎನ್ನುವ 1990ರ ಅಮೆರಿಕದ ಕಾನೂನೇ ಅವರ ಆಧಾರ. 2018ರಲ್ಲಿ ನ್ಯಾಯಾಧೀಶರು 45 ಕೃತಿಗಳಿಗೆ ತಲಾ 1,50,000 ಡಾಲರ್‌ನಂತೆ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕಟ್ಟಡ ಕೆಡವಬಾರದಿತ್ತು ಅಂತ ಕೋರ್ಟ್ ಹೇಳಲಿಲ್ಲ. ಮುಂಚಿತವಾಗಿ ತಿಳಿಸದೆ, ಕಾಯಬೇಕಾದಷ್ಟು ದಿನ ಕಾಯದೆ ರಾತ್ರೋರಾತ್ರಿ ಅಳಿಸಿದ್ದಕ್ಕೆ ಈ ದಂಡ.

ಬಣ್ಣ ತುಂಬಿದ ಬೀದಿಗೆ ಇನ್ನೊಂದು ಅಪಾಯವಿದೆ, ಅದು ಅದರ ಜನಪ್ರಿಯತೆಯಿಂದಲೇ ಬರುತ್ತದೆ. ಮೊದಲು ಕಡಿಮೆ ಬಾಡಿಗೆಯ ಜಾಗಕ್ಕೆ ಕಲಾವಿದರು ಬರುತ್ತಾರೆ. ಗೋಡೆ ತುಂಬುತ್ತದೆ, ಫೋಟೊ ಹರಡುತ್ತದೆ. ಕೆಫೆ ಬರುತ್ತದೆ, ಹಿಂದೆಯೇ ಬಿಲ್ಡರ್ ಬರುತ್ತಾರೆ. ಬಾಡಿಗೆ ಏರುತ್ತದೆ, ಹಳಬರು ಗಂಟುಮೂಟೆ ಕಟ್ಟುತ್ತಾರೆ. ಇಟಲಿಯ ಕಲಾವಿದ ಬ್ಲೂ ಇದನ್ನು ಕಂಡು ನೋವಿನ ತೀರ್ಮಾನ ತೆಗೆದುಕೊಂಡ. ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಅವನ ಎರಡು ದೈತ್ಯ ಚಿತ್ರಗಳಿದ್ದವು. ಅದರ ಎದುರಿನ ಖಾಲಿ ಜಾಗದಲ್ಲಿ ದುಬಾರಿ ಕಟ್ಟಡ ಬರಲಿತ್ತು. 2014ರ ಡಿಸೆಂಬರ್‌ನಲ್ಲಿ ಅವನ ಒಪ್ಪಿಗೆಯಿಂದಲೇ ಗೆಳೆಯರು ಅವುಗಳ ಮೇಲೆ ಕಪ್ಪು ಬಳಿದರು. ಫ್ಲ್ಯಾಟಿನ ಬೆಲೆ ಏರಿಸಲು ತನ್ನ ಚಿತ್ರ ಬಳಕೆಯಾಗುವುದು ಅವನಿಗೆ ಬೇಕಿರಲಿಲ್ಲ. 2016ರಲ್ಲಿ ಬೊಲೋನ್ಯಾದಲ್ಲಿ ಬೀದಿಯಿಂದ ಕಿತ್ತ ಚಿತ್ರಗಳನ್ನು ಪ್ರದರ್ಶನಕ್ಕಿಡುವುದನ್ನು ವಿರೋಧಿಸಿ, ಇಪ್ಪತ್ತು ವರ್ಷಗಳ ತನ್ನ ಕೆಲಸವನ್ನು ಬೂದು ಬಣ್ಣದಿಂದ ತಾನೇ ಮುಚ್ಚಿದ. ಬಾಡಿಗೆಗೆ ಇರುವವರು ತಮ್ಮ ಬೀದಿಗೆ ಹೊಸ ಮ್ಯೂರಲ್ ಬಂದಾಗ ಖುಷಿಪಡದೆ ಅನುಮಾನದಿಂದ ನೋಡಿದರೆ ಅವರಿಗೆ ಕಲೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಅವರಿಗೆ ಮುಂದಿನದು ಗೊತ್ತಿದೆ.

ಬರೆದ ಮಾತೇ ಮುಖ್ಯವಾಗುವ ಹೊತ್ತೂ ಇರುತ್ತದೆ. 2011ರಲ್ಲಿ ಸಿರಿಯಾದ ದರಾ ಊರಿನ ಹುಡುಗರು ಶಾಲೆಯ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದದ್ದಕ್ಕೆ ಬಂಧನಕ್ಕೊಳಗಾಗಿ ಹಿಂಸೆ ಅನುಭವಿಸಿದರು. ಅದರ ವಿರುದ್ಧ ಎದ್ದ ಪ್ರತಿಭಟನೆ ದೇಶವನ್ನೇ ಅಲುಗಾಡಿಸಿತು. ಬೇರೆ ದಾರಿ ಇಲ್ಲದವರಿಗೆ ಗೋಡೆಯೇ ಪತ್ರಿಕೆ. ಅದೇ ಗೋಡೆ ಮೇಲೆ ಒಂದು ಸಮುದಾಯವನ್ನು ಬೆದರಿಸುವ ಚಿಹ್ನೆ ಬರೆದರೆ ಅದನ್ನು ಆ ದಿನವೇ ಅಳಿಸಬೇಕು. ಇದರಲ್ಲಿ ಎರಡು ಮಾತಿಲ್ಲ.

ನಗರಗಳು ಈಗ ಹಿಡಿಯುವ ನಡುದಾರಿಗಳಲ್ಲಿ ಒಂದು, ಯಾರು ಬೇಕಾದರೂ ಬರೆಯಬಹುದಾದ ಮುಕ್ತ ಗೋಡೆ. ಕೈ ಪಳಗಿಸಿಕೊಳ್ಳುವವರಿಗೆ ಇದು ದೊಡ್ಡ ಆಸರೆ. ಹೆದರಿಕೆಯಿಲ್ಲದೆ, ಹಗಲು ಹೊತ್ತಿನಲ್ಲಿ, ಸಮಯ ತೆಗೆದುಕೊಂಡು ಬರೆಯಬಹುದು. ಆದರೆ ಅಪಾಯಕ್ಕೋಸ್ಕರವೇ ಬರೆಯುವವರನ್ನು ಅದು ಕರೆತರುವುದಿಲ್ಲ. ಊರಿಗೆ ಒಂದು ಮುಕ್ತ ಗೋಡೆ ಕೊಟ್ಟು "ಗೀಚು ನಿಲ್ಲಲಿಲ್ಲ, ಯೋಜನೆ ಸೋತಿತು" ಅನ್ನುವುದು ಅದಕ್ಕೆ ಮಾಡುವ ಅನ್ಯಾಯ.

ಹೆಚ್ಚು ದೂರ ಹೋದದ್ದು ಕೊಲಂಬಿಯಾದ ಬೊಗೊಟಾ, ಅದೂ ಒಂದು ದುರಂತದ ನಂತರ. 2011ರ ಆಗಸ್ಟ್‌ನಲ್ಲಿ ಡಿಯೇಗೊ ಫೆಲಿಪೆ ಬೆಸೆರ್ರಾ ಎಂಬ 16 ವರ್ಷದ ಹುಡುಗನನ್ನು ಗ್ರಾಫಿಟಿ ಬರೆಯುತ್ತಿದ್ದ ರಾತ್ರಿ ಪೊಲೀಸರೊಬ್ಬರು ಗುಂಡಿಕ್ಕಿ ಕೊಂದರು. ಅವನನ್ನು ದರೋಡೆಕೋರನೆಂದು ಬಿಂಬಿಸುವ ಪ್ರಯತ್ನವೂ ನಡೆಯಿತು. ಊರು ಕೆರಳಿತು. 2013ರಲ್ಲಿ ನಗರಾಡಳಿತ ಹೊರಡಿಸಿದ ಆದೇಶ ಗ್ರಾಫಿಟಿಯನ್ನು ಕಲೆಯ ಒಂದು ರೂಪವೆಂದು ಒಪ್ಪಿಕೊಂಡಿತು. ಸ್ಮಾರಕದಂಥ ಜಾಗಗಳಲ್ಲಿ ನಿಷೇಧ, ಖಾಸಗಿ ಗೋಡೆಗೆ ಮಾಲೀಕರ ಒಪ್ಪಿಗೆ, ಸಾರ್ವಜನಿಕ ಜಾಗಕ್ಕೆ ಆಡಳಿತದ ಅನುಮತಿ ಅಂತ ವಿಂಗಡಿಸಿತು. ಅದೇ ವರ್ಷ ಗಾಯಕ ಜಸ್ಟಿನ್ ಬೀಬರ್ ಪೊಲೀಸ್ ಕಾವಲಿನಲ್ಲೇ ಆ ಊರಿನ ಗೋಡೆ ಮೇಲೆ ಬರೆದ. ಒಬ್ಬ ಹುಡುಗನಿಗೆ ಗುಂಡು, ಇನ್ನೊಬ್ಬನಿಗೆ ಕಾವಲಾ ಅಂತ ಸ್ಥಳೀಯ ಕಲಾವಿದರು ರೊಚ್ಚಿಗೆದ್ದು ಬೀದಿಗಿಳಿದು ಹಗಲು ರಾತ್ರಿ ಬರೆದರು.

ನನ್ನ ಮಟ್ಟಿಗೆ, ಗೋಡೆಯ ವಿಷಯದಲ್ಲಿ ನಗರವೊಂದು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಚಿಕ್ಕ ಅಂಗಡಿಯವರ ಶಟರ್ ಅಳಿಸುವ ಖರ್ಚನ್ನು ಆಡಳಿತವೇ ಹೊರಬೇಕು, ಅವರಿಗೆ ದಂಡ ಹಾಕುವುದನ್ನು ನಿಲ್ಲಿಸಬೇಕು. ಹಳೆಯ ಕಲ್ಲನ್ನು ಮುಟ್ಟಲು ಬಿಡಬಾರದು. ಮ್ಯೂರಲ್ ಬರೆಸುವ ಮುಂಚೆ ಆ ಬೀದಿಯ ಬಾಡಿಗೆದಾರರನ್ನೂ ಕರೆದು ಕೂರಿಸಬೇಕು, ಬರೀ ಕಟ್ಟಡದ ಮಾಲೀಕರು ಒಪ್ಪಿದರೆ ಸಾಲದು. ಬಣ್ಣ ಮಾಸಿದಾಗ ಸರಿಪಡಿಸುವವರು ಯಾರು, ಗೋಡೆ ಎಷ್ಟು ವರ್ಷಕ್ಕೆ ಮತ್ತೊಬ್ಬ ಕಲಾವಿದರ ಕೈಗೆ ಹೋಗುತ್ತದೆ ಅನ್ನುವುದನ್ನು ಮೊದಲ ದಿನವೇ ಬರೆದಿಡಬೇಕು. ಅಳಿಸಬೇಕಾಗಿ ಬಂದರೆ ಕೆಲವು ವಾರ ಮುಂಚೆ ಅದೇ ಗೋಡೆಗೆ ಒಂದು ನೋಟಿಸ್ ಅಂಟಿಸಬೇಕು.